ಗಾಳಿಯ ಲೆಕ್ಕ: ಜಕ್ಕೂರಿನಿಂದ ಮಂಡಕಳ್ಳಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಜಕ್ಕೂರು ವಿಮಾನತಾಣದಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ, ಅಂದರೆ 139 ಕಿಲೋಮೀಟರ್ ಆಗುತ್ತದೆ. ಒಂದೇ ಎಂಜಿನ್ನಿನ ಸಣ್ಣ ತರಬೇತಿ ವಿಮಾನವೊಂದು ಈ ದೂರವನ್ನು 50 ನಿಮಿಷಗಳಲ್ಲಿ ಕ್ರಮಿಸಬೇಕೆಂದು ಇಟ್ಟುಕೊಳ್ಳೋಣ. ನೆಲದ ಲೆಕ್ಕದಲ್ಲಿ ಅದರ ವೇಗ 90 ನಾಟ್, ಅಂದರೆ ಗಂಟೆಗೆ 90 ನಾಟಿಕಲ್ ಮೈಲಿ, ಇರಬೇಕೆಂಬುದು ಬರಿಯ ಭಾಗಾಕಾರ. ಆದರೆ ವಿಮಾನ ಹಾರುವುದು ತಾನೂ ಚಲಿಸುತ್ತಿರುವ ಗಾಳಿಯೊಳಗೆ. ಆದ್ದರಿಂದ ಆ ಗಾಳಿಯೊಳಗೆ ಎಷ್ಟು ವೇಗದಲ್ಲಿ, ಮೂತಿಯನ್ನು ಯಾವ ಕಡೆಗೆ ಇಟ್ಟು ಹಾರಿದರೆ ನೆಲದ ಮೇಲೆ ಈ 90 ನಾಟ್ ದಕ್ಕುತ್ತದೆ ಎಂಬುದನ್ನು ಹೊರಡುವ ಮುನ್ನವೇ ತಿಳಿದಿರಬೇಕು.

ಮುಂಗಾರಿನ ಒಂದು ದಿನ, 6,500 ಅಡಿ ಎತ್ತರದಲ್ಲಿ, ಪಡುವಣದಿಂದ 20 ನಾಟ್ ವೇಗದ ಗಾಳಿ ಬೀಸುತ್ತಿದೆ ಎನ್ನೋಣ. ಬಾನುಲಿಯಲ್ಲಿ ಚಿತ್ರ ಬರೆದು ತೋರಿಸಲಾಗದು. ತಾವೇ ಒಂದು ಕಾಗದ, ಅಳತೆಪಟ್ಟಿ ಮತ್ತು ಕೋನಮಾಪಕವನ್ನು ತೆಗೆದುಕೊಳ್ಳಬಹುದು. 10 ನಾಟ್‌ಗೆ ಒಂದು ಸೆಂಟಿಮೀಟರ್ ಎಂದಿಟ್ಟುಕೊಂಡು, ಜಕ್ಕೂರೆಂದು ಗುರುತಿಸಿದ ಚುಕ್ಕೆಯಿಂದ ನೈಋತ್ಯಕ್ಕೆ, ಅಂದರೆ ಉತ್ತರದಿಂದ ಬಲಸುತ್ತಾಗಿ ಎಣಿಸಿದ 227 ಡಿಗ್ರಿಗೆ, ಒಂಬತ್ತು ಸೆಂಟಿಮೀಟರ್ ಗೆರೆ ಎಳೆಯಿರಿ. ಅದೇ ಚುಕ್ಕೆಯಿಂದ ಪೂರ್ವಕ್ಕೆ ಎರಡು ಸೆಂಟಿಮೀಟರಿನ ಇನ್ನೊಂದು ಗೆರೆ ಎಳೆಯಿರಿ; ಪಡುಗಾಳಿ ಎಂಬ ಹೆಸರು ಗಾಳಿ ಬರುವ ದಿಕ್ಕಿನದು, ಅದು ತಳ್ಳುವುದು ಮೂಡಲಿಗೆ. ಹೊಸಬರು ಇಲ್ಲೇ ಗೆರೆಯನ್ನು ತಿರುವುಮುರುವು ಮಾಡಿ ಲೆಕ್ಕವನ್ನೆಲ್ಲ ಕೆಡಿಸಿಕೊಳ್ಳುತ್ತಾರೆ. ಈಗ ಗಾಳಿಗೆರೆಯ ತುದಿಯನ್ನು ಮೊದಲ ಗೆರೆಯ ತುದಿಗೆ ಸೇರಿಸಿ ಅಳೆಯಿರಿ. ಹತ್ತೂವರೆ ಸೆಂಟಿಮೀಟರಿಗೆ ಕೂದಲೆಳೆಯಷ್ಟು ಹೆಚ್ಚು ಬರುತ್ತದೆ. ಬೇಕಾದ ವಾಯುವೇಗ, ಅಂದರೆ ಗಾಳಿಯೊಳಗಿನ ವೇಗ, ಅದೇ, ಸುಮಾರು 105 ನಾಟ್. ಆ ಗೆರೆಯ ದಿಕ್ಕು 234 ಡಿಗ್ರಿ.

ಎದುರುಗಾಳಿ 20 ಎಂದು ತಿಳಿದು ತೊಂಬತ್ತಕ್ಕೆ ಇಪ್ಪತ್ತನ್ನು ಕೂಡಿಸಿದ್ದರೆ 110 ಆಗುತ್ತಿತ್ತು. ಗಾಳಿ ದಾರಿಗೆ 43 ಡಿಗ್ರಿ ಓರೆಯಾಗಿರುವುದರಿಂದ ಎದುರಿಗೆ ಬರುವ ಪಾಲು 15 ನಾಟ್‌ಗಿಂತ ಸ್ವಲ್ಪ ಕಡಿಮೆ, ಅಡ್ಡಲಾಗಿ ತಳ್ಳುವ ಪಾಲು ಸುಮಾರು 14. ಈ ಅಡ್ಡಪಾಲು ವೇಗದಲ್ಲಿ ಕೇಳುವುದು ಒಂದು ನಾಟ್‌ಗೂ ಕಡಿಮೆ. ದಿಕ್ಕಿನಲ್ಲಿ ಮಾತ್ರ ಏಳು ಡಿಗ್ರಿ ಕೇಳುತ್ತದೆ. ಅದನ್ನು ಕೊಡದೆ ಮೂತಿಯನ್ನು 227ಕ್ಕೇ ಹಿಡಿದು ಹಾರಿದ ಚಾಲಕನು ಐವತ್ತನೆಯ ನಿಮಿಷಕ್ಕೆ ಮಂಡಕಳ್ಳಿಯ ಬದಲು, ನಂಜನಗೂಡಿಗೂ ಮೂಡಲಿನ ಹೊಲಗಳ ಮೇಲೆ ಇರುತ್ತಾನೆ.

ಇನ್ನೊಂದು ತೊಡಕಿದೆ. ಎತ್ತರದಲ್ಲಿ ಗಾಳಿ ತೆಳುವಾಗಿರುವುದರಿಂದ ವೇಗಮಾಪಕದ ಮುಳ್ಳು ನಿಜವಾದ ವಾಯುವೇಗಕ್ಕಿಂತ ಕಡಿಮೆ ತೋರಿಸುತ್ತದೆ. ಸಾವಿರ ಅಡಿಗೆ ನೂರಕ್ಕೆ ಎರಡರಂತೆ ಎಂಬ ರೂಢಿಯ ಸೂತ್ರವನ್ನು ಹಿಡಿದರೆ 6,500 ಅಡಿಗೆ ನೂರಕ್ಕೆ ಹದಿಮೂರು. ಹಾಗಾಗಿ ಮುಳ್ಳು 93ರ ಬಳಿ ನಿಂತರೆ ನಮ್ಮ 105 ಸಂದಂತೆ.

ಇಷ್ಟಾದರೂ ಗಾಳಿಯ ಅಂಕಿ ಮುನ್ಸೂಚನೆಯದು, ಅದನ್ನು ದಾರಿಯಲ್ಲೇ ಪರೀಕ್ಷಿಸಬೇಕು. ನಮ್ಮ ಗೆರೆ ಮದ್ದೂರಿನ ಮೇಲೆಯೇ ಹಾಯುತ್ತದೆ. ಅಲ್ಲಿಗೆ ಸುಮಾರು 44 ನಾಟಿಕಲ್ ಮೈಲಿ, ಏರುವ ಹೊತ್ತನ್ನು ಬದಿಗಿಟ್ಟರೆ 29 ನಿಮಿಷ. ಮದ್ದೂರು 31ನೆಯ ನಿಮಿಷಕ್ಕೆ ಕೆಳಗೆ ಬಂದರೆ ನೆಲದ ವೇಗ 85ಕ್ಕೆ ಇಳಿದಿದೆ, ಎದುರುಗಾಳಿ ಇಪ್ಪತ್ತರಷ್ಟಿದೆ ಎಂದು ತಿಳಿಯಬೇಕು. ಉಳಿದ 31 ಮೈಲಿಯನ್ನು 19 ನಿಮಿಷಗಳಲ್ಲಿ ಮುಗಿಸಬೇಕಾದರೆ ನೆಲದ ವೇಗ 98 ಬೇಕು, ವಾಯುವೇಗ 118ನ್ನು ದಾಟಬೇಕು. ಅನೇಕ ತರಬೇತಿ ವಿಮಾನಗಳಿಗೆ ಅದು ಎಟುಕುವುದಿಲ್ಲ. ಆಗ ಎಂಜಿನ್ನನ್ನು ದಂಡಿಸದೆ, ತಲುಪುವ ಹೊತ್ತನ್ನು ತಿದ್ದಿ ಮೈಸೂರಿನ ನಿಯಂತ್ರಣ ಗೋಪುರಕ್ಕೆ ರೇಡಿಯೋದಲ್ಲಿ ತಿಳಿಸಬೇಕು.

ನಮಸ್ಕಾರ.