ಯಾರು ದೊಡ್ಡ ಚಾಂಪಿಯನ್? ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಕಾಲಗಳನ್ನು ಅಳೆಯುವುದು

ಎಲ್ಲರಿಗೂ ನಮಸ್ಕಾರ.

1969ರಲ್ಲಿ ಅಮೆರಿಕದ ಮಯಾಮಿಯಲ್ಲಿ ಇಬ್ಬರು ಹೆವಿವೇಟ್ ಚಾಂಪಿಯನ್ನರು ಕ್ಯಾಮೆರಾ ಮುಂದೆ ಗುದ್ದಾಡಿದರು. ಒಬ್ಬರು ರಾಕಿ ಮಾರ್ಸಿಯಾನೊ. 49 ಪಂದ್ಯ ಆಡಿ, 49ನ್ನೂ ಗೆದ್ದು, 1956ರಲ್ಲಿ ನಿವೃತ್ತರಾದವರು. ಚಿತ್ರೀಕರಣದ ಹೊತ್ತಿಗೆ ಅವರಿಗೆ 45 ವರ್ಷ. ಈ ಚಿತ್ರೀಕರಣಕ್ಕೆ ಅಂತಲೇ ಮೈ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದರು. ಇನ್ನೊಬ್ಬರು 27ರ ಹರೆಯದ ಮುಹಮ್ಮದ್ ಅಲಿ. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಸೈನ್ಯಕ್ಕೆ ಸೇರಲ್ಲ ಅಂದಿದ್ದಕ್ಕೆ ಅವರ ಪಟ್ಟ, ಲೈಸೆನ್ಸ್ ಎರಡೂ ಹೋಗಿದ್ದವು.

ಒಂದೊಂದು ರೌಂಡನ್ನೂ ಬೇರೆ ಬೇರೆ ಥರ ಚಿತ್ರೀಕರಿಸಿದರು. ಕೊನೆಯನ್ನೂ ಹಲವು ಬಗೆಯಲ್ಲಿ ತೆಗೆದರು. ಯಾರು ಗೆಲ್ಲಬೇಕು ಅಂತ ಕಂಪ್ಯೂಟರ್ ಹೇಳುತ್ತೆ ಅನ್ನುವುದು ಲೆಕ್ಕ. 1970ರ ಜನವರಿಯಲ್ಲಿ ಥಿಯೇಟರುಗಳಲ್ಲಿ ತೋರಿಸಿದಾಗ ಅಮೆರಿಕದವರು ನೋಡಿದ್ದು, 13ನೇ ರೌಂಡಿನಲ್ಲಿ ಮಾರ್ಸಿಯಾನೊ ನಾಕೌಟ್ ಗೆಲುವು. ಯುರೋಪಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದರು! ಅಷ್ಟು ಹೊತ್ತಿಗೆ ಮಾರ್ಸಿಯಾನೊ ಬದುಕಿರಲಿಲ್ಲ. 1969ರ ಆಗಸ್ಟ್ 31ರಂದು, 46ನೇ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ, ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು.

ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಹೋಲಿಸಲು ಹೊರಟವರು ಬಹಳ ಮಂದಿ ಇದನ್ನೇ ಮಾಡುತ್ತಾರೆ. ಇಬ್ಬರನ್ನೂ ಮನಸ್ಸಿನಲ್ಲೇ ರಿಂಗಿಗಿಳಿಸಿ, ತಮಗಿಷ್ಟವಾದವರನ್ನು ಗೆಲ್ಲಿಸುತ್ತಾರೆ. ನನಗೆ ಈ ದಾರಿ ಹಿಡಿಸುವುದಿಲ್ಲ. ಯಾವ ನಿಯಮದಲ್ಲಿ ಆಡಿದರು, ಎದುರಿಗೆ ಯಾರಿದ್ದರು, ಯಾರನ್ನು ಎದುರಿಗೆ ಬರಲು ಬಿಡಲೇ ಇಲ್ಲ, ಇದನ್ನು ಮೊದಲು ನೋಡಬೇಕು.

ನಿಯಮದಿಂದ ಶುರು ಮಾಡೋಣ. ಇವತ್ತು ವಿಶ್ವ ಪಟ್ಟದ ಪಂದ್ಯ ಅಂದರೆ 12 ರೌಂಡ್. 1980ರ ದಶಕದವರೆಗೂ 15 ಇತ್ತು. 1982ರಲ್ಲಿ ದಕ್ಷಿಣ ಕೊರಿಯಾದ ಕಿಮ್ ಡುಕ್-ಕೂ 14ನೇ ರೌಂಡಿನಲ್ಲಿ ಪೆಟ್ಟು ತಿಂದು ಪ್ರಾಣ ಕಳೆದುಕೊಂಡ ಮೇಲೆ ಪಟ್ಟ ಕೊಡುವ ಎಲ್ಲ ಸಂಸ್ಥೆಗಳೂ ಒಂದೊಂದಾಗಿ ರೌಂಡ್ ಕಡಿಮೆ ಮಾಡಿದವು. ಮಾಡಬೇಕಾದ ಕೆಲಸವೇ. ಆದರೆ ಆ ಮೂರು ರೌಂಡಿನಲ್ಲಿ ಏನೇನಾಗುತ್ತಿತ್ತು ನೋಡಿ.

1941ರ ಜೂನ್ 18, ನ್ಯೂಯಾರ್ಕಿನ ಪೋಲೋ ಗ್ರೌಂಡ್ಸ್. ಚಾಂಪಿಯನ್ ಜೋ ಲೂಯಿಸ್ ಎದುರು ಬಿಲ್ಲಿ ಕಾನ್. ಕಾನ್ ತೂಕದಲ್ಲಿ ಲೂಯಿಸ್‌ಗಿಂತ 11 ಕೆಜಿಗೂ ಕಡಿಮೆ. ಆದರೆ ಕಾಲು ಚುರುಕು, ಕೈ ಇನ್ನೂ ಚುರುಕು. 12 ರೌಂಡ್ ಮುಗಿದಾಗ ಮೂವರು ತೀರ್ಪುಗಾರರಲ್ಲಿ ಇಬ್ಬರ ಲೆಕ್ಕದಲ್ಲಿ ಕಾನ್ ಮುಂದೆ, ಒಬ್ಬರ ಲೆಕ್ಕದಲ್ಲಿ ಸಮ. ಇನ್ನು ಮೂರು ರೌಂಡ್ ದೂರದಲ್ಲೇ ಓಡಾಡಿಕೊಂಡಿದ್ದರೆ ಸಾಕಿತ್ತು. ಕಾರ್ನರಿನಲ್ಲಿದ್ದ ಅವರ ತರಬೇತುದಾರರೂ ಅದನ್ನೇ ಹೇಳಿದರು. ಕಾನ್ ಕೇಳಲಿಲ್ಲ. ನಾಕೌಟೇ ಮಾಡುತ್ತೇನೆ ಅಂತ 13ನೇ ರೌಂಡಿನಲ್ಲಿ ಲೂಯಿಸ್ ಹತ್ತಿರಕ್ಕೆ ನುಗ್ಗಿದರು. ಲೂಯಿಸ್‌ಗೆ ಬೇಕಾಗಿದ್ದೂ ಅದೇ. ಬಲಗೈ ಏಟು ದವಡೆಗೆ ಬಿತ್ತು, ಹಿಂದೆಯೇ ಇನ್ನಷ್ಟು ಬಿದ್ದವು. ರೌಂಡ್ ಮುಗಿಯಲು ಎರಡೇ ಸೆಕೆಂಡ್ ಇದ್ದಾಗ ಕಾನ್ ಕಥೆ ಮುಗಿಯಿತು. ಇವತ್ತಿನ ನಿಯಮವಿದ್ದಿದ್ದರೆ ಆ ರಾತ್ರಿ ಪಟ್ಟ ಕಾನ್‌ದು. ಲೂಯಿಸ್ ಸತತವಾಗಿ 25 ಸಲ ಪಟ್ಟ ಉಳಿಸಿಕೊಂಡರು ಅನ್ನುವ ದಾಖಲೆಯೇ ಇರುತ್ತಿರಲಿಲ್ಲ.

ಮಾರ್ಸಿಯಾನೊ ಅವರದ್ದೂ ಹಾಗೇ. 1952ರ ಸೆಪ್ಟೆಂಬರ್ 23, ಫಿಲಡೆಲ್ಫಿಯಾ. ಆಗಿನ ಚಾಂಪಿಯನ್, 38 ವರ್ಷದ ಜರ್ಸಿ ಜೋ ವಾಲ್ಕಾಟ್ ಮೊದಲನೇ ರೌಂಡಿನಲ್ಲೇ ಅವರನ್ನು ಕೆಳಗೆ ಬೀಳಿಸಿದರು. ಮಾರ್ಸಿಯಾನೊ ಜೀವನದಲ್ಲಿ ನೆಲ ಕಂಡಿದ್ದು ಅದೇ ಮೊದಲು. 12 ರೌಂಡ್ ಆದಾಗ ಮೂವರ ಲೆಕ್ಕದಲ್ಲೂ ವಾಲ್ಕಾಟ್ ಮುಂದಿದ್ದರು. 13ನೇ ರೌಂಡಿನಲ್ಲಿ ವಾಲ್ಕಾಟ್ ಹಗ್ಗಕ್ಕೆ ಒರಗುತ್ತಿದ್ದ ಹಾಗೇ ಮಾರ್ಸಿಯಾನೊ ಬಲಗೈ ಏಟು ಚಿಕ್ಕದಾಗಿ, ನೇರ ದವಡೆಗೆ ಬಂತು. ವಾಲ್ಕಾಟ್ ಎಡತೋಳು ಹಗ್ಗಕ್ಕೆ ಸಿಕ್ಕಿಕೊಂಡು, ಮೈ ನಿಧಾನವಾಗಿ ಕುಸಿಯಿತು. 49–0 ಅನ್ನುವ ಆ ದೊಡ್ಡ ಅಂಕಿ ನಿಂತಿರುವುದು ಈ 13ನೇ ರೌಂಡಿನ ಮೇಲೆ. ಇದರಿಂದ ಮಾರ್ಸಿಯಾನೊ ಸಣ್ಣವರಾದರು ಅಂತಲ್ಲ. ಅವರು 15 ರೌಂಡಿಗೆ ದಮ್ಮು ಕಟ್ಟಿಕೊಂಡು ಬಂದವರು. 12 ರೌಂಡ್ ಅಷ್ಟೇ ಅಂತ ಗೊತ್ತಿದ್ದರೆ ಬೇರೆ ಥರ ಆಡುತ್ತಿದ್ದರೋ ಏನೋ.

ಇನ್ನು ಮೈಕಟ್ಟು. ಈಗಿನವರು ದೈತ್ಯರು, ಹಳಬರು ಅವರ ಮುಂದೆ ನಿಲ್ಲೋದಿಲ್ಲ ಅಂತ ಸುಮ್ನೆ ಹೇಳಿಬಿಡುತ್ತಾರೆ. ಮಾತಿನಲ್ಲಿ ಅರ್ಧ ಸತ್ಯ ಇದೆ. ವಾಲ್ಕಾಟ್ ಜೊತೆ ಆಡಿದ ದಿನ ಮಾರ್ಸಿಯಾನೊ ತೂಕ ಸುಮಾರು 83 ಕೆಜಿ. ಲೂಯಿಸ್ ಒಳ್ಳೆಯ ದಿನಗಳಲ್ಲಿ 90ರ ಆಸುಪಾಸು. ಇವತ್ತಾಗಿದ್ದರೆ ಇಬ್ಬರೂ ಕ್ರೂಸರ್‌ವೇಟ್ ಅನ್ನುವ ಕೆಳಗಿನ ತೂಕಕ್ಕೆ ಹೋಗುತ್ತಿದ್ದರು. ಆದರೆ 2024ರ ಮೇನಲ್ಲಿ ರಿಯಾದ್‌ನಲ್ಲಿ ಏನಾಯಿತು? 6 ಅಡಿ 9 ಅಂಗುಲದ, ಸುಮಾರು 119 ಕೆಜಿಯ ಟೈಸನ್ ಫ್ಯೂರಿಯನ್ನು ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ ಸೋಲಿಸಿದರು. ಉಸಿಕ್ ಕ್ರೂಸರ್‌ವೇಟ್‌ನಿಂದಲೇ ಮೇಲೆ ಬಂದವರು, ತೂಕ ಸುಮಾರು 101 ಕೆಜಿ. ಒಂಬತ್ತನೇ ರೌಂಡಿನಲ್ಲಿ ಆ ದೈತ್ಯ ಹಗ್ಗದಿಂದ ಹಗ್ಗಕ್ಕೆ ತೂರಾಡಿದ್ದನ್ನು ನೋಡಿದವರು ಗಾತ್ರದ ಮಾತನ್ನು ಜಾಸ್ತಿ ಎಳೆಯುವುದಿಲ್ಲ.

ಎರಡು ಕಾಲಗಳು ಒಂದೇ ರಿಂಗಿನಲ್ಲಿ ನಿಜವಾಗಿಯೂ ಎದುರಾದ ಉದಾಹರಣೆ ಬೇಕಾ? ಜಾರ್ಜ್ ಫೋರ್‌ಮನ್ ಅವರನ್ನು ನೋಡಿ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಅಲಿ ಎದುರು ಪಟ್ಟ ಕಳೆದುಕೊಂಡರು. 1977ರಲ್ಲಿ ಬಾಕ್ಸಿಂಗ್ ಬಿಟ್ಟು ಪಾದ್ರಿಯಾದರು. ಹತ್ತು ವರ್ಷದ ಮೇಲೆ ವಾಪಸ್ ಬಂದರು. 1991ರಲ್ಲಿ, 42ನೇ ವಯಸ್ಸಿನಲ್ಲಿ, ಆಗಿನ ಚಾಂಪಿಯನ್ ಇವಾಂಡರ್ ಹೋಲಿಫೀಲ್ಡ್ ಎದುರು 12 ರೌಂಡೂ ನಿಂತು ಸೋತರು. 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ ಎದುರಿಗಿದ್ದವರು 26ರ ಮೈಕಲ್ ಮೂರರ್, ಅದೇ ಹೋಲಿಫೀಲ್ಡರನ್ನು ಸೋಲಿಸಿ ಬಂದವರು. ಫೋರ್‌ಮನ್‌ಗೆ 45. ಒಂಬತ್ತು ರೌಂಡ್ ಪೆಟ್ಟು ತಿಂದರು, ಹತ್ತನೇ ರೌಂಡಿನಲ್ಲಿ ಬಲಗೈ ಬೀಸಿದರು, ಮೂರರ್ ಮಲಗಿಬಿಟ್ಟರು. ಅವತ್ತು ಫೋರ್‌ಮನ್ ಕಾರ್ನರಿನಲ್ಲಿದ್ದವರಲ್ಲಿ ಒಬ್ಬರು ತರಬೇತುದಾರ ಆಂಜೆಲೊ ಡಂಡಿ. ಕಿನ್ಶಾಸಾದಲ್ಲಿ ಅಲಿ ಕಾರ್ನರಿನಲ್ಲಿದ್ದವರೂ ಅವರೇ! 1970ರ ದಶಕದ ಒಬ್ಬ ಸೋತ ಚಾಂಪಿಯನ್ 1990ರ ದಶಕದಲ್ಲಿ ಪಟ್ಟ ಗೆಲ್ಲುತ್ತಾರೆ ಅಂದರೆ, ಆ ಹಳೇ ಕಾಲದ ಮಟ್ಟ ಎಷ್ಟಿತ್ತು ಅಂತ ಬೇರೆ ಹೇಳಬೇಕಾ?

ಅದಕ್ಕೇ ನನ್ನ ಲೆಕ್ಕದಲ್ಲಿ ಅಲಿ ಮೊದಲು. ಲಿಸ್ಟನ್, ಫ್ರೇಜಿಯರ್, ನಾರ್ಟನ್, ಫೋರ್‌ಮನ್, ಹೀಗೆ ಒಬ್ಬರ ಹಿಂದೆ ಒಬ್ಬರನ್ನು ಎದುರಿಸಿದ ಚಾಂಪಿಯನ್ ಬೇರೆ ಯಾರೂ ಇಲ್ಲ. ಅದೂ ಮಧ್ಯದಲ್ಲಿ 25ರಿಂದ 28ರವರೆಗಿನ ಚಿನ್ನದಂಥ ವರ್ಷಗಳನ್ನು ಕಳೆದುಕೊಂಡು. ಎರಡನೆಯವರು ಲೂಯಿಸ್. ಮೈಕ್ ಟೈಸನ್ ಹೆಸರು ಕೇಳಲು ಕಾಯುತ್ತಿರುವವರು ಇಲ್ಲಿದ್ದೀರಿ ಅಂತ ಗೊತ್ತು. 1986ರಿಂದ 88ರವರೆಗಿನ ಟೈಸನ್ ಯಾರಿಗಾದರೂ ಭಯ ಹುಟ್ಟಿಸುವಂಥವರು. ಆದರೆ ಹಿಂದೆ ಬಿದ್ದ ದೊಡ್ಡ ಪಂದ್ಯವನ್ನು ಎಳೆದು ತಂದು ಗೆದ್ದಿದ್ದು ಅವರ ಲೆಕ್ಕದಲ್ಲಿ ಕಾಣುವುದಿಲ್ಲ. ನಾನು ಮೇಲೆ ಹೇಳಿದ ಲೂಯಿಸ್, ಮಾರ್ಸಿಯಾನೊ, ಫೋರ್‌ಮನ್ ಮೂವರೂ ಅದನ್ನು ಮಾಡಿದವರು.

ಈ ಪಟ್ಟಿಗೆ ಸೇರಲು ಅವಕಾಶವೇ ಸಿಗದವರ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತೆ. 1908ರಲ್ಲಿ ಜಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದರು. 1915ರಲ್ಲಿ ಅವರು ಸೋತ ಮೇಲೆ, 1937ರಲ್ಲಿ ಲೂಯಿಸ್ ಗೆಲ್ಲುವವರೆಗೂ, 22 ವರ್ಷ ಇನ್ನೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟ ಸಿಗಲಿಲ್ಲ. ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್ ವರ್ಷಗಟ್ಟಲೆ ಆಗಿನ ಬಿಳಿಯ ಚಾಂಪಿಯನ್ ಜಾಕ್ ಡೆಂಪ್ಸಿಗೆ ಸವಾಲು ಹಾಕಿದರು. ಆ ಪಂದ್ಯ ನಡೆಯಲೇ ಇಲ್ಲ. ಇನ್ನೊಬ್ಬ ಕಪ್ಪು ಬಾಕ್ಸರ್ ಸ್ಯಾಮ್ ಲ್ಯಾಂಗ್‌ಫರ್ಡ್‌ಗೂ ಆ ಪಟ್ಟಕ್ಕಾಗಿ ಆಡುವ ಅವಕಾಶ ಯಾರೂ ಕೊಡಲಿಲ್ಲ, ಸ್ವತಃ ಜಾನ್ಸನ್ ಕೂಡ ಚಾಂಪಿಯನ್ ಆದ ಮೇಲೆ ಕೊಡಲಿಲ್ಲ. ಹಾಗಾಗಿ ಡೆಂಪ್ಸಿಯನ್ನು ಮೊದಲ ಐವರಲ್ಲಿ ಇಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಿಮಗೆ ಬೇರೆ ಅನಿಸಿದ್ದರೆ ಈಗ ಕೇಳಿ, ಮಾತಾಡೋಣ.