ಇದೆಲ್ಲ ನಿಜಾನಾ? ಚಕ್ ಬ್ಯಾರಿಸ್ ಕತೆ, ಕ್ಲೂನಿ ಸಿನಿಮಾ

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದು ಲೈಟ್ ಹಾಕಿದ ತಕ್ಷಣ ಹಿಂದಿನ ಸಾಲಿನಿಂದ ಒಬ್ರು "ಸರ್, ಇದೆಲ್ಲ ನಿಜಾನಾ?" ಅಂತ ಕೇಳಿದ್ರು. ನಾನು ಬರ್ಕೊಂಡು ಬಂದಿದ್ದ ಮೊದಲನೇ ಪೇಜು ಪಕ್ಕಕ್ಕಿಟ್ಟು ಅಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಟೀವಿ ಶೋ ಮಾಡೋನೊಬ್ಬ ಗುಟ್ಟಾಗಿ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎಗೆ ಕೊಲೆ ಮಾಡ್ತಿದ್ದ ಅಂತ ಹೇಳೋ ಈ 'ಕನ್ಫೆಷನ್ಸ್ ಆಫ್ ಎ ಡೇಂಜರಸ್ ಮೈಂಡ್' ನೋಡಿದವರೆಲ್ಲ ಮೊದಲು ಕೇಳೋದು ಅದನ್ನೇ, ಆಮೇಲೆ ಅದಕ್ಕೆ ಉತ್ತರ ಸಿಕ್ಕಿದ ಮೇಲೂ ಸಿನಿಮಾ ತಲೆಯಿಂದ ಇಳಿಯಲ್ಲ.

ಆ ಟೀವಿಯವನು, ಚಕ್ ಬ್ಯಾರಿಸ್ ಅನ್ನೋ ಮನುಷ್ಯ, ನಿಜ. 1929ರಲ್ಲಿ ಫಿಲಡೆಲ್ಫಿಯಾದಲ್ಲಿ ಹುಟ್ಟಿದ, 2017ರಲ್ಲಿ ತೀರಿಕೊಂಡ. 1965ರಲ್ಲಿ ಎಬಿಸಿ ಚಾನೆಲ್‌ಗೆ 'ದಿ ಡೇಟಿಂಗ್ ಗೇಮ್' ಮಾಡಿದ, ಮುಂದಿನ ವರ್ಷ 'ದಿ ನ್ಯೂಲಿವೆಡ್ ಗೇಮ್', 1976ರಲ್ಲಿ ಎನ್‌ಬಿಸಿಗೆ 'ದಿ ಗಾಂಗ್ ಶೋ', ಅದನ್ನ ತಾನೇ ನಿಂತು ನಡೆಸಿಕೊಟ್ಟ. ಹಾಡೂ ಬರೀತಿದ್ದ, ಅವನು ಬರೆದ 'ಪ್ಯಾಲಿಸೇಡ್ಸ್ ಪಾರ್ಕ್' ಅನ್ನೋ ಹಾಡು 1962ರಲ್ಲಿ ಫ್ರೆಡ್ಡಿ ಕ್ಯಾನನ್ ದನೀಲಿ ಅಮೆರಿಕದ ಹಿಟ್ ಹಾಡುಗಳ ಬಿಲ್‌ಬೋರ್ಡ್ ಪಟ್ಟೀಲಿ 3ನೇ ಸ್ಥಾನಕ್ಕೆ ಹೋಗಿತ್ತು. ಇಷ್ಟೂ ನಿಜ. ಆಮೇಲೆ 1984ರಲ್ಲಿ ಇದೇ ಹೆಸರಿನ ಒಂದು ಪುಸ್ತಕ ಬರೆದ, ಈ ಸಿನಿಮಾ ಬಂದಿದ್ದೂ ಅದರಿಂದ್ಲೇ, ಅದಕ್ಕೆ 'ಅನಧಿಕೃತ ಆತ್ಮಕತೆ' ಅಂತ ಉಪಶೀರ್ಷಿಕೆ ಕೊಟ್ಟ (ತನ್ನ ಕತೆ ತಾನೇ ಬರೆದು ಅದನ್ನ ಅನಧಿಕೃತ ಅಂತ ಯಾರಾದ್ರೂ ಕರೀತಾರಾ?), ಅದರೊಳಗೆ, ಈ ಶೋಗಳನ್ನೆಲ್ಲ ಮಾಡ್ತಿದ್ದ ಕಾಲದಲ್ಲೇ ನಾನು ಸಿಐಎಗೆ ಕೊಲೆಗಾರನಾಗಿ ಕೆಲಸ ಮಾಡ್ತಿದ್ದೆ, 33 ಜನರನ್ನ ಕೊಂದಿದ್ದೀನಿ ಅಂತ ಬರೆದ. ಸಿಐಎ ಇದನ್ನ ಸಾರಾಸಗಟಾಗಿ ತಳ್ಳಿಹಾಕ್ತು. ಪುರಾವೆ ಅಂತ ಒಂದು ಚೂರೂ ಇಲ್ಲ. ನನ್ನ ಕೇಳಿದ್ರೆ ಅದು ಸುಳ್ಳು.

ಆದ್ರೆ ನಿಜವಾಗಿ ಒಬ್ಬರ ಮೇಲೆ ಕಣ್ಣಿಡೋ ಕೆಲಸ ಅವನು ಮಾಡಿದ್ದಾನೆ, ಗೂಢಚಾರಿಕೆ ಅಲ್ಲ, ಟೀವಿ ಕೆಲಸಾನೇ. 1960ರ ಹೊತ್ತಿಗೆ ಅಮೆರಿಕದಲ್ಲಿ ಪೇಯೋಲಾ ಹಗರಣ ಅಂತ ದೊಡ್ಡ ಗಲಾಟೆ ಆಯ್ತು, ರೆಕಾರ್ಡ್ ಕಂಪನಿಗಳ ಹತ್ರ ಗುಟ್ಟಾಗಿ ದುಡ್ಡು ತಗೊಂಡು ರೇಡಿಯೋ, ಟೀವೀಲಿ ಅವರ ಹಾಡನ್ನೇ ಹಾಕೋದು. ಆಗ 'ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್' ಅನ್ನೋ ಹಾಡು-ಕುಣಿತದ ಟೀವಿ ಶೋ ನಡೆಸ್ತಿದ್ದ ಡಿಕ್ ಕ್ಲಾರ್ಕ್ ಮೇಲೂ ಅನುಮಾನ ಬಂದು, ಅವನ ಮೇಲೆ ನಿಗಾ ಇಡೋಕೆ ಎಬಿಸಿಯವರು ಫಿಲಡೆಲ್ಫಿಯಾದ ಸೆಟ್ಟಿಗೆ ಕಳಿಸಿದ್ದು ಈ ಬ್ಯಾರಿಸ್‌ನನ್ನ. ಅಂದ್ರೆ ಹುಡುಗ ಹುಡುಗೀರು ಕುಣೀತಿರೋ ಜಾಗದಲ್ಲಿ ಒಂದು ಮೂಲೇಲಿ ಕೂತು ಇನ್ನೊಬ್ಬನನ್ನ ನೋಡ್ತಾ ಇರೋದು. ನಗು, ಮ್ಯೂಸಿಕ್ಕು, ಅದರ ಹಿಂದೆ ಬೇರೆ ಏನೋ ಕೆಲಸ. ಆ ಪುಸ್ತಕದ ಬೀಜ ಅಲ್ಲೇ ಬಿದ್ದಿರಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ.

ಡೇಟಿಂಗ್ ಗೇಮ್ ಹೇಗಿತ್ತು ಅಂತ ಸಿನಿಮಾದಲ್ಲಿ ನೋಡಿದ್ರಿ. ಒಂದು ಗೋಡೆ, ಈ ಕಡೆ ಒಬ್ಬ ಹುಡುಗಿ, ಆ ಕಡೆ ಮೂರು ಜನ ಹುಡುಗರು, ಮುಖ ಕಾಣಲ್ಲ, ಬರೀ ಮಾತು ಕೇಳಿ ಒಬ್ಬನನ್ನ ಆರಿಸಬೇಕು, ಆಮೇಲೆ ಶೋದವರ ಖರ್ಚಲ್ಲಿ ಇಬ್ರೂ ಸುತ್ತಾಡೋಕೆ ಹೋಗಬೇಕು, ಜೊತೇಲಿ ಕಾವಲಿಗೆ ಒಬ್ಬ ಹಿರಿಯರು. ಈ ಕಾವಲಿನವರ ಪದ್ಧತಿ ನಿಜವಾಗ್ಲೂ ಇತ್ತು. ಬ್ಯಾರಿಸ್ ತನ್ನ ಸುಳ್ಳನ್ನ ಕಟ್ಟಿದ್ದು ಸರಿಯಾಗಿ ಈ ಸಣ್ಣ ನಿಜದ ಮೇಲೆ. ಗೆದ್ದ ಜೋಡೀನ ಹೆಲ್ಸಿಂಕಿಗೆ ಕಳಿಸು, ವೆಸ್ಟ್ ಬರ್ಲಿನ್‌ಗೆ ಕಳಿಸು, ಕಾವಲಿಗೆ ನೀನೇ ಹೋಗು, ಅಲ್ಲಿ ನಮ್ಮ ಕೆಲಸ ಮುಗಿಸ್ಕೊಂಡು ಬಾ ಅಂತ ಜಾರ್ಜ್ ಕ್ಲೂನಿ ಮಾಡಿರೋ ಸಿಐಎ ಏಜೆಂಟ್ ಜಿಮ್ ಬರ್ಡ್ ಹೇಳೋದು ನೆನಪಿದೆ ಅಲ್ವಾ. ಎಷ್ಟು ಸಲೀಸಾಗಿ ಕೂತ್ಕೊಳ್ಳುತ್ತೆ ನೋಡಿ. ಪ್ಯಾರಿಸ್, ಹವಾಯಿ ಆಸೆ ಇಟ್ಕೊಂಡಿರೋ ಜೋಡಿಗೆ ಚಳಿ ಹೊಡೆಯೋ ಹೆಲ್ಸಿಂಕಿ ಯಾಕೆ ಅಂತ ಯಾರಿಗಾದ್ರೂ ಅನಿಸ್ಬೇಕು, ಆದ್ರೆ ಆಂಕರ್ ಅದನ್ನ ಕುಣಿದು ಕುಪ್ಪಳಿಸಿ ಹೇಳಿದ್ರೆ ಜನ ಚಪ್ಪಾಳೆ ತಟ್ತಾರೆ.

ಇದು ಜಾರ್ಜ್ ಕ್ಲೂನಿ ನಿರ್ದೇಶನ ಮಾಡಿದ ಮೊದಲನೇ ಸಿನಿಮಾ, 2002ರದ್ದು, ಚಿತ್ರಕತೆ ಚಾರ್ಲಿ ಕೌಫ್‌ಮನ್. ಕ್ಲೂನಿ ಅಪ್ಪ ನಿಕ್ ಕ್ಲೂನಿ ಟೀವಿಯವರೇ, ನ್ಯೂಸೂ ಓದ್ತಿದ್ರು, ಶೋನೂ ನಡೆಸ್ತಿದ್ರು, ಹಾಗಾಗಿ ಹುಡುಗ ಬೆಳೆದಿದ್ದೇ ಸ್ಟುಡಿಯೋ ವೈರುಗಳ ಮಧ್ಯೆ. ಅದು ಸಿನಿಮಾದ ಪ್ರತಿ ಫ್ರೇಮಲ್ಲೂ ಗೊತ್ತಾಗುತ್ತೆ. ಎನ್‌ಬಿಸಿ ಸ್ಟುಡಿಯೋ ನೋಡೋಕೆ ಬಂದ ಗುಂಪಲ್ಲಿ ಬ್ಯಾರಿಸ್ ಒಬ್ಬ ಪ್ರವಾಸಿಯಾಗಿ ನಿಂತಿರ್ತಾನೆ, ಕ್ಯಾಮೆರಾ ಹಾಗೇ ಸರೀತಾ ಹೋಗುತ್ತೆ, ಎಲ್ಲೂ ಕಟ್ ಇಲ್ಲ, ನೋಡಿದ್ರೆ ಅದೇ ಬ್ಯಾರಿಸ್ ಯೂನಿಫಾರ್ಮ್ ಹಾಕ್ಕೊಂಡು ಗೈಡ್ ಆಗಿ ನಿಂತಿದ್ದಾನೆ! ಕಂಪ್ಯೂಟರ್ ಆಟ ಅಲ್ಲ ಅದು, ನಟ ಸ್ಯಾಮ್ ರಾಕ್‌ವೆಲ್ ಕ್ಯಾಮೆರಾ ಹಿಂದೆ ಓಡಿ ಬಟ್ಟೆ ಬದಲಾಯಿಸಿ ಮತ್ತೆ ಮುಂದೆ ಬಂದಿದ್ದು. ನಮ್ಮ ಕಂಪನಿ ನಾಟಕಗಳಲ್ಲಿ ಒಂದು ಪರದೆ ಬಿದ್ದು ಏಳೋದರೊಳಗೆ ಭಿಕ್ಷುಕ ರಾಜನಾಗಿ ಬರ್ತಿದ್ದ ನೋಡಿ, ಅದೇ ಕಸುಬು. ಒಬ್ಬನೇ ಮನುಷ್ಯ ಒಂದೇ ಉಸಿರಲ್ಲಿ ಎರಡು ವೇಷ ಹಾಕೋದನ್ನ ಡೈಲಾಗ್ ಇಲ್ಲದೇ ಕಣ್ಣಿಗೆ ತೋರಿಸಿಬಿಟ್ರು. ರಾಕ್‌ವೆಲ್‌ಗೆ 2003ರ ಬರ್ಲಿನ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಅಂತ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಬ್ರಾಡ್ ಪಿಟ್, ಮ್ಯಾಟ್ ಡೇಮನ್ ಡೇಟಿಂಗ್ ಗೇಮ್ ಕುರ್ಚೀಲಿ ಸುಮ್ನೆ ಕೂತಿದ್ದನ್ನ ಎಷ್ಟು ಜನ ಗಮನಿಸಿದ್ರೋ, ಇರ್ಲಿ.

ಸಿನಿಮಾ ಮಾಡಿರೋ ಅತಿ ಒಳ್ಳೆ ಕೆಲಸ ಅಂದ್ರೆ, ಇದು ಸುಳ್ಳು ಕಣ್ರೀ ಅಂತ ಎಲ್ಲೂ ಕಣ್ಣು ಹೊಡೆಯಲ್ಲ. ಮಧ್ಯೆ ಮಧ್ಯೆ ಡಿಕ್ ಕ್ಲಾರ್ಕ್ ತರದ ಅಸಲಿ ಜನರೇ ಬಂದು ಕ್ಯಾಮೆರಾ ಮುಂದೆ ಮಾತಾಡ್ತಾರೆ, ಅದರ ಪಕ್ಕದಲ್ಲೇ ಕೊಲೆಗಳು ನಡೀತವೆ, ಎರಡಕ್ಕೂ ಒಂದೇ ತೂಕ. ಕೊನೆಗೆ ಮದುವೆ ದಿನ ಬ್ಯಾರಿಸ್ ಡ್ರೂ ಬ್ಯಾರಿಮೋರ್ ಮಾಡಿರೋ ಪೆನ್ನಿಗೆ, ಅಂದ್ರೆ ಮದುವೆ ಹುಡುಗಿಗೆ, ಎಲ್ಲ ಹೇಳಿಬಿಡ್ತಾನೆ, ನಾನು ಕೊಲೆಗಾರ ಅಂತ. ಅವಳು ಜೋರಾಗಿ ನಗ್ತಾಳೆ. ಜೋಕ್ ಅಂದ್ಕೊಂಡು ನಗ್ತಾಳೆ. ನನ್ನ ಪ್ರಕಾರ ಇಡೀ ಸಿನಿಮಾ ಇರೋದು ಆ ನಗುವಿನಲ್ಲಿ. ಜೀವನಪೂರ್ತಿ ಜನರನ್ನ ನಗಿಸಿದವನು ಒಂದೇ ಒಂದು ಸಲ ಮನಸ್ಸು ಬಿಚ್ಚಿ ಹೇಳಿದ್ರೂ ಅದು ಶೋದ ಇನ್ನೊಂದು ತಮಾಷೆ ಆಗಿಬಿಡುತ್ತೆ. ಪತ್ರಿಕೆಯವರು ಅವನನ್ನ ಕೀಳು ಅಭಿರುಚಿಯ ದೊರೆ ಅನ್ನೋ ಹಾಗೆ ಬರೀತಿದ್ರು, ಟೀವಿ ಹಾಳಾಗಿದ್ದೇ ಇವನಿಂದ ಅಂತಿದ್ರು. ಅಂಥವನಿಗೆ, ನಾನೂ ಒಬ್ಬ ತೂಕದ ಮನುಷ್ಯ ಅಂತ ಲೋಕಕ್ಕೆ ಹೇಳೋಕೆ 33 ಹೆಣ ಬೇಕಾಯ್ತು. ಇದನ್ನ ಬರೀ ಬೂಟಾಟಿಕೆ ಅಂತ ಬಿಡೋಕೆ ನನಗೆ ಮನಸ್ಸು ಬರಲ್ಲ, ಅದರಲ್ಲಿ ದೊಡ್ಡ ಸಂಕಟ ಇದೆ.

ಹಾಗಂತ ಗಾಂಗ್ ಶೋ ಒಳ್ಳೇದಿತ್ತು ಅಂತ ನಾನು ಹೇಳ್ತಿಲ್ಲ. ಯಾರು ಬೇಕಾದ್ರೂ ಬಂದು ಹಾಡಬಹುದು, ಕುಣೀಬಹುದು, ಮೂರು ಜನ ಜಡ್ಜ್‌ಗಳು, ಹಿಡಿಸ್ಲಿಲ್ಲ ಅಂದ್ರೆ ಎದ್ದು ಹೋಗಿ ದೊಡ್ಡ ಜಾಗಟೆ ಬಾರಿಸ್ತಾರೆ, ಆಟ ಅಲ್ಲಿಗೇ ಮುಗೀತು. ಗೆದ್ರೆ ಹಗಲಿನ ಶೋನಲ್ಲಿ 516 ಡಾಲರ್ 32 ಸೆಂಟ್. ಅದರಲ್ಲಿ ಖುಷಿನೂ ಇತ್ತು, ಜೀನ್ ಪ್ಯಾಟನ್ ಅಂತ ಸ್ಟುಡಿಯೋದಲ್ಲಿ ಸೆಟ್ ಸಾಮಾನು ಎತ್ತಿಡೋ ಕೆಲಸದವರು, ಅವರ ಮ್ಯೂಸಿಕ್ ಬಂದ್ರೆ ಸಾಕು ಸ್ಟೇಜಿಗೆ ಬಂದು ಕುಣಿಯೋರು, ಜಡ್ಜ್‌ಗಳೂ ಎದ್ದು ಕುಣಿಯೋರು. ಅದು ಯಾರನ್ನೂ ನೋಯಿಸದ ಸಂತೋಷ. ಜಾಗಟೆ ಮಾತ್ರ ಬೇರೆ.

ಜಾಗಟೆ ಏನು ಅಂತ ನಾನು ಹತ್ತಿರದಿಂದ ನೋಡಿದ್ದೀನಿ. ಸುಮಾರು ಹದಿನೈದು ವರ್ಷದ ಹಿಂದೆ ಒಂದು ಚಾನೆಲ್ಲಿನ ಹಾಡಿನ ಶೋಗೆ ಅಸಿಸ್ಟೆಂಟ್ ಆಗಿದ್ದೆ, ಹೆಸರು ಬೇಡ. ದಾವಣಗೆರೇಲಿ ಆಡಿಷನ್. ಐವತ್ತು ದಾಟಿದ ಒಬ್ರು ಟೈಲರ್ ಬಂದಿದ್ರು, ಇಸ್ತ್ರಿ ಮಾಡಿದ ಶರಟನ್ನ ಪ್ಲಾಸ್ಟಿಕ್ ಕವರಲ್ಲಿ ತಂದು ಅಲ್ಲೇ ಮೂಲೇಲಿ ಗೋಡೆ ಕಡೆ ತಿರುಗಿ ನಿಂತು ಬದಲಾಯಿಸಿಕೊಂಡ್ರು, ಬಾಟಲಿ ನೀರು ಕೈಗೆ ಹಾಕ್ಕೊಂಡು ತಲೆ ಒತ್ತಿಕೊಂಡ್ರು. ಹಾಡು ಚೆನ್ನಾಗೇ ಶುರು ಆಯ್ತು, ತಾರಕಕ್ಕೆ ಹೋದಾಗ ಗಂಟಲು ಒಡೀತು. ಜಡ್ಜ್‌ಗಳು ನಕ್ಕರು, ಅವರೂ ಪಾಪ ಜೊತೆಗೆ ನಕ್ಕರು. ಹೊರಗೆ ಬಂದು ನನ್ನ ಭುಜ ಮುಟ್ಟಿ "ಯಾವತ್ತು ಬರ್ತೈತಿ ತಮ್ಮಾ, ಟಿವ್ಯಾಗ?" ಅಂತ ಕೇಳಿದ್ರು, ನಾನು ತಾರೀಕು ಹೇಳಿದೆ. ಆಮೇಲೆ ಎಡಿಟಿಂಗ್ ರೂಮಲ್ಲಿ ನೋಡಿದ್ರೆ, ಚೆನ್ನಾಗಿ ಹಾಡಿದ್ದೆಲ್ಲ ಕತ್ತರಿಸಿ ಆ ಒಡೆದ ದನಿಯೊಂದನ್ನೇ ಮೂರು ಸಲ ರಿಪೀಟ್ ಮಾಡಿ ಅದಕ್ಕೆ ಕತ್ತೆ ಕೂಗೋ ಸೌಂಡ್ ಸೇರಿಸಿದ್ರು. ಆವತ್ತು ರಾತ್ರಿ ಅವರ ಮನೇಲಿ ಅಕ್ಕಪಕ್ಕದವರೆಲ್ಲ ಟೀವಿ ಮುಂದೆ ಸೇರಿರ್ತಾರೆ ಅನ್ನೋದು ನನಗೆ ಗೊತ್ತಿತ್ತು. ಒಂದು ಫೋನ್ ಮಾಡಿ ಹೇಳಬೇಕಿತ್ತು, ಹೇಳ್ಲಿಲ್ಲ. ಸ್ಟೇಜಿನ ಮೇಲೆ ನಕ್ಕೊಂಡು ಟೋಪಿ ಕಣ್ಣಿನ ಮೇಲೆ ಎಳ್ಕೊಂಡು ಚಪ್ಪಾಳೆ ತಟ್ತಾ ನಿಂತ ಬ್ಯಾರಿಸ್‌ನ ನೋಡಿದಾಗೆಲ್ಲ ಆ ಟೈಲರ್ ನೆನಪಾಗ್ತಾರೆ. ಆ ಟೋಪಿ ಕೆಳಗೆ ಏನಿತ್ತು ಅಂತ ಸಿನಿಮಾ ಹುಡುಕಿದೆ, ಅದಕ್ಕೇ ನನಗೆ ಅದು ಬೇಕು.

ಇನ್ನೊಂದು ವಿಷಯ, ಇದು ಸಿನಿಮಾದಲ್ಲಿಲ್ಲ. 1978ರಲ್ಲಿ ಇದೇ ಡೇಟಿಂಗ್ ಗೇಮ್ ಕುರ್ಚೀಲಿ ರಾಡ್ನಿ ಅಲ್ಕಾಲಾ ಅನ್ನೋನು ಬಂದು ಕೂತ. ಅಷ್ಟು ಹೊತ್ತಿಗಾಗಲೇ ಅವನು ಹಲವು ಕೊಲೆ ಮಾಡಿದ್ದ, ಒಂದು ಮಗು ಮೇಲೆ ಹಲ್ಲೆ ಮಾಡಿ ಜೈಲಿಗೂ ಹೋಗಿ ಬಂದಿದ್ದ, ಶೋದವರಿಗೆ ಒಂದೂ ಗೊತ್ತಿರ್ಲಿಲ್ಲ. ಚೆಂದದ ಮಾತಾಡಿದ, ಗೆದ್ದ. ಆದ್ರೆ ಶೋ ಮುಗಿದ ಮೇಲೆ ಆ ಹುಡುಗಿಗೆ ಅವನ ಜೊತೆ ಹೋಗೋಕೆ ಮನಸ್ಸು ಒಪ್ಪಲಿಲ್ಲ, ಬರಲ್ಲ ಅಂದ್ಲು. ಮುಂದಿನ ವರ್ಷ ಅವನು ಸಿಕ್ಕಿಬಿದ್ದ. ಕೊಲೆಗಾರ ಅಂತ ಹೇಳ್ಕೊಂಡ ಬ್ಯಾರಿಸ್‌ನ ಮಾತು ಯಾರೂ ನಂಬಲಿಲ್ಲ, ಅವನದೇ ಶೋನಲ್ಲಿ ಅಸಲಿ ಕೊಲೆಗಾರ ಕೂತು ನಕ್ಕಾಗ ದೇಶವೇ ಚಪ್ಪಾಳೆ ತಟ್ಟಿತು. ಇದರ ಮೇಲೆ ಆನಾ ಕೆಂಡ್ರಿಕ್ 2023ರಲ್ಲಿ 'ವುಮನ್ ಆಫ್ ದಿ ಅವರ್' ಅಂತ ಸಿನಿಮಾ ಮಾಡಿದ್ದಾರೆ, ಎರಡನ್ನೂ ಒಂದೇ ವಾರದಲ್ಲಿ ನೋಡಿ, ನಾನು ಹಾಗೆ ನೋಡಿದಾಗ ಎರಡು ದಿನ ಸರಿಯಾಗಿ ನಿದ್ದೆ ಬರ್ಲಿಲ್ಲ.

ಕೊನೇ ದೃಶ್ಯಕ್ಕೆ ಬರ್ತೀನಿ. ಬ್ಯಾರಿಸ್ ಒಂದು ಹೊಸ ಗೇಮ್ ಯೋಚನೆ ಮಾಡಿರ್ತಾನೆ: ಮೂರು ಜನ ಮುದುಕರು, ಮೂವರ ಕೈಯಲ್ಲೂ ಗುಂಡು ತುಂಬಿದ ಪಿಸ್ತೂಲು, ತಾವು ಏನಾಗಬೇಕು ಅಂದ್ಕೊಂಡಿದ್ರು, ಏನಾದ್ರು ಅಂತ ಹಿಂದೆ ತಿರುಗಿ ನೋಡಬೇಕು, ತಲೆಗೆ ಗುಂಡು ಹಾರಿಸ್ಕೊಳ್ಳದೇ ಉಳಿದವನು ಗೆದ್ದ ಹಾಗೆ, ಅವನಿಗೆ ಬಹುಮಾನ ಒಂದು ಫ್ರಿಜ್ಜು. ಈ ಮಾತು ಕೇಳಿಸ್ತಿರೋವಾಗ ತೆರೆ ಮೇಲೆ ಇರೋದು ರಾಕ್‌ವೆಲ್ ಅಲ್ಲ, ಅಸಲಿ ಚಕ್ ಬ್ಯಾರಿಸ್, ವಯಸ್ಸಾದವನು. ಆ ಮುಖ ಕ್ಯಾಮೆರಾ ಮುಂದೆ ಬರೋಕೆ ಕೆಲವು ವರ್ಷ ಮುಂಚೆ, 1998ರಲ್ಲಿ, ಅವನ ಒಬ್ಬಳೇ ಮಗಳು ಡೆಲ್ಲಾ ಡ್ರಗ್ಸ್‌ನಿಂದ ತೀರಿಕೊಂಡಿದ್ಲು. ಸಿನಿಮಾದಲ್ಲಿ ಮಗಳೇ ಇಲ್ಲ. 33 ಜನರ ಸಾವಿದೆ, ಇದೊಂದಿಲ್ಲ. ಅವಳ ಬಗ್ಗೆ ಅವನು ಪುಸ್ತಕ ಬರೆದಿದ್ದು 2010ರಲ್ಲಿ, ಎಂಬತ್ತು ದಾಟಿದ ಮೇಲೆ.

ಪ್ರೊಜೆಕ್ಟರ್ ಹತ್ರ ಇರೋ ಹುಡುಗನಿಗೆ ಆಗಲೇ ಹೇಳಿದ್ದೀನಿ, ಆ ಕೊನೇ ಎರಡು ನಿಮಿಷಾನ ಮತ್ತೆ ಹಾಕ್ತಾನೆ. ಈ ಸಲ ಸಬ್‌ಟೈಟಲ್ ಓದೋಕೆ ಹೋಗ್ಬೇಡಿ, ಆ ಮುಖ ಒಂದನ್ನೇ ನೋಡಿ. ಲೈಟ್ ಆಫ್ ಮಾಡಪ್ಪಾ.