ಬಾಗಿಲು ತೆಗೆದ ಮೇಲೆ ಐದು ನಿಮಿಷ

ಕೇಳುಗರಿಗೆ ನಮಸ್ಕಾರ. ಹಿತ್ತಿಲಲ್ಲಿ ನಾಲ್ಕೋ ಆರೋ ಹೇಂಟೆ ಸಾಕಿಕೊಂಡು, ಮನೆಗೆ ಬೇಕಾದಷ್ಟು ಮೊಟ್ಟೆ ಎತ್ತಿಕೊಳ್ಳುವವರು ನೀವು ಅಂದುಕೊಂಡು ಮಾತಾಡುತ್ತೇನೆ. ನಾನು ಪಶುವೈದ್ಯ. ನನಗೆ ಬರುವ ಫೋನುಗಳೆಲ್ಲ ಹೆಚ್ಚುಕಮ್ಮಿ ಹೀಗೇ ಶುರುವಾಗುತ್ತವೆ. "ಡಾಕ್ಟ್ರೇ, ಕೋಳಿ ತೂಕಡಿಸ್ತಾ ಇದೆ, ಯಾವ ಔಷಧಿ ಹಾಕ್ಲಿ?" ಯಾವಾಗಿನಿಂದ ಅಂತ ಕೇಳಿದರೆ, "ನಿನ್ನೆ ತನಕ ಚೆನ್ನಾಗೇ ಇತ್ತು."

ಇರಲಿಲ್ಲ. ಖಂಡಿತ ಇರಲಿಲ್ಲ.

ಕೋಳಿ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ಸೊರಗಿದ್ದು ಗೊತ್ತಾದರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ, ಹದ್ದು ಬೆಕ್ಕುಗಳ ಕಣ್ಣೂ ಮೊದಲು ಅದರ ಮೇಲೇ ಬೀಳುತ್ತದೆ. ಹಾಗಾಗಿ ಕೈಲಾಗುವ ತನಕ ಎಲ್ಲರ ಜೊತೆ ಕೆದಕುತ್ತಾ ನಟಿಸುತ್ತಿರುತ್ತದೆ. ಅದಕ್ಕೇ ನಾನು ಕೇಳಿಕೊಳ್ಳುವುದು ಇಷ್ಟು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ ಮೇಲೆ ಐದು ನಿಮಿಷ ಅಲ್ಲೇ ನಿಲ್ಲಿ. ಕಾಳು ಎರಚಿ ಸುಮ್ನೆ ಒಳಗೆ ಹೋಗಿಬಿಡಬೇಡಿ.

ಎಲ್ಲಕ್ಕಿಂತ ಕೊನೆಗೆ ಹೊರಗೆ ಬಂದದ್ದು ಯಾವುದು? ಪುಕ್ಕ ಉಬ್ಬಿಸಿ, ಬಾಲ ಇಳಿಬಿಟ್ಟು ಮೂಲೆಯಲ್ಲಿ ನಿಂತಿದೆಯಾ? ಜುಟ್ಟು ಬಿಳಿಚಿದೆಯಾ, ನೀಲಿಗಟ್ಟಿದೆಯಾ? ಬಿಸಿಲಲ್ಲಿ ಬಾಯಿ ತೆರೆದು ಏದುಸಿರು ಬಿಡುವುದು ಸಹಜ. ತಂಪು ಹೊತ್ತಲ್ಲಿ ಬಿಟ್ಟರೆ ಸಹಜ ಅಲ್ಲ. ಕಾಳು ಹಾಕುವ ಮೊದಲೇ ಕತ್ತಿನ ಬುಡದ ಮೇವಿನ ಚೀಲ ಮುಟ್ಟಿ ನೋಡಿ. ರಾತ್ರಿ ಕಳೆದ ಮೇಲೆ ಅದು ಬರಿದಾಗಿರಬೇಕು.

ಆಮೇಲೆ ಹಿಕ್ಕೆ. ಮುಖ ಸಿಂಡರಿಸಬೇಡಿ! ಗಟ್ಟಿ ಹಿಕ್ಕೆ, ಮೇಲೊಂದು ಬಿಳಿ ಟೋಪಿ ಇದ್ದರೆ ಕೋಳಿ ಚೆನ್ನಾಗಿದೆ. ಆ ಬಿಳಿಯೇ ಅದರ ಮೂತ್ರ. ಹತ್ತರಲ್ಲಿ ಒಂದು ಕಂದು ಬಣ್ಣಕ್ಕೆ, ಅಂಟಂಟಾಗಿ, ಜಾಸ್ತಿ ನಾರುತ್ತದೆ. ಅದಕ್ಕೂ ಗಾಬರಿ ಬೇಡ. ನೀರಾದ ಹಸಿರು ಹಿಕ್ಕೆಯೋ ರಕ್ತವೋ ಕಂಡರೆ ಮಾತ್ರ ಬಿಡಬೇಡಿ.

ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಅವರ ಹತ್ತಿರ ಏಳು ಹೇಂಟೆ ಇದ್ದವು. ಮೊಟ್ಟೆ ಕಮ್ಮಿಯಾಗಿತ್ತು, ಜುಟ್ಟುಗಳು ಬಿಳಿಚಿದ್ದವು. ನಾನು ಮಟಮಟ ಮಧ್ಯಾಹ್ನ ಹೋದೆ. ಒಂದೊಂದನ್ನೇ ಹಿಡಿದು ಪುಕ್ಕ ಬಿಡಿಸಿ ನೋಡಿದೆ. ಒಂದು ಹೇನೂ ಇಲ್ಲ. ಹೊಟ್ಟೆಹುಳು ಇರಬೇಕು ಅಂತ ಔಷಧಿ ಕೊಟ್ಟು ಬಂದೆ. ಹದಿನೈದು ದಿನಕ್ಕೆ ಅಜ್ಜಿಯ ಫೋನು.

"ಏನೂ ಗುಣ ಕಾಣ್ಲಿಲ್ಲ ಡಾಕ್ಟ್ರೇ. ಸಂಜೆ ಗೂಡಿಗೆ ಹೋಗೋಕೇ ಒಪ್ಪಲ್ಲ. ಬಾಗಿಲ ತನಕ ಬಂದು ತಿರುಗಿಬಿಡ್ತವೆ."

"ಎಷ್ಟು ದಿನದಿಂದ ಅಜ್ಜಿ?"

"ನೀವು ಬರೋಕೂ ಮುಂಚಿನಿಂದ. ನೀವು ಕೇಳ್ಲಿಲ್ವಲ್ಲ."

ನಿಜ, ಕೇಳಿರಲಿಲ್ಲ. ಅವತ್ತು ರಾತ್ರಿ ಟಾರ್ಚ್ ಹಿಡಿದು ಹೋದೆ. ಕೋಳಿ ಕೂರುವ ಕೋಲಿನ ಅಡಿಭಾಗವನ್ನು ಬಿಳಿ ಬಟ್ಟೆಯಿಂದ ಒರೆಸಿದೆ. ಬಟ್ಟೆ ತುಂಬ ರಕ್ತದ ಗೆರೆ! ಕೆಂಪು ನುಸಿ. ಹಗಲೆಲ್ಲ ಮರದ ಸಂದಿಯಲ್ಲಿ ಅಡಗಿರುತ್ತದೆ, ರಾತ್ರಿ ಹೊರಬಂದು ಕೋಳಿಯ ರಕ್ತ ಹೀರುತ್ತದೆ. ಮಧ್ಯಾಹ್ನ ಕೋಳಿಯ ಮೈಯಲ್ಲಿ ಹುಡುಕಿದ ನನಗೆ ಸಿಗುವುದಾದರೂ ಹೇಗೆ? ಗೂಡು ಬಿಚ್ಚಿ, ಹಾಸು ಸುಟ್ಟು, ಸಂದಿಸಂದಿಗೂ ಕುದಿನೀರು ಹೊಯ್ದು, ನುಸಿ ಔಷಧಿ ಹೊಡೆಸಿದೆವು. ವಾರ ಬಿಟ್ಟು ಮತ್ತೆ ಹೊಡೆಸಿದೆವು, ಮೊಟ್ಟೆಯೊಡೆದು ಹೊಸ ನುಸಿ ಬರುತ್ತವಲ್ಲ. ಗೂಡು ಖಾಲಿ ಬಿಟ್ಟರೆ ಸಾಯುತ್ತವೆ ಅನ್ನಬೇಡಿ, ಹಸಿದುಕೊಂಡೇ ತಿಂಗಳುಗಟ್ಟಲೆ ಬದುಕುತ್ತವೆ. ಆಮೇಲೆ ಜುಟ್ಟು ಕೆಂಪಾಯಿತು. ರೋಗ ಪತ್ತೆ ಹಚ್ಚಿದ್ದು ಅಜ್ಜಿಯೇ, ಬಾಗಿಲ ಹತ್ತಿರ ನಿಂತು ನೋಡುವ ಅಭ್ಯಾಸ ಅವರಿಗಿತ್ತು.

ಗಾಜಿನಾಚೆ ಕೂತವರು ಕೈಗಡಿಯಾರ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ಸೊರಗಿದ ಕೋಳಿಯನ್ನು ಬೇರೆ ಇಡಿ. ಬೆಚ್ಚಗಿನ ಜಾಗ, ಪಕ್ಕದಲ್ಲೇ ನೀರು. ಉಳಿದವುಗಳ ಕೆಲಸ ಮುಗಿಸಿ ಕೊನೆಗೆ ಅದನ್ನು ಮುಟ್ಟಿ, ಕೈ ತೊಳೆಯಿರಿ. ಮತ್ತೆ ಮತ್ತೆ ತಿಣುಕುತ್ತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು. ಹೊಟ್ಟೆ ಒತ್ತಬೇಡಿ, ಒಳಗೇ ಒಡೆದೀತು. ಅವತ್ತೇ ವೈದ್ಯರಿಗೆ ತೋರಿಸಿ. ಮನೆಯಲ್ಲಿ ಉಳಿದ ಮಾತ್ರೆ ಪುಡಿ ಮಾಡಿ ಹಾಕಬೇಡಿ. ಔಷಧಿ ಮೊಟ್ಟೆಗೂ ಇಳಿಯುತ್ತದೆ. ಎಷ್ಟು ದಿನ ಮೊಟ್ಟೆ ತಿನ್ನಬಾರದು ಅಂತ ಕೇಳಿಕೊಳ್ಳಿ. ಕತ್ತು ತಿರುಚಿಕೊಂಡರೆ, ಒಟ್ಟಿಗೇ ಎರಡು ಮೂರು ಸತ್ತರೆ, ಕೊಕ್ಕರೆ ರೋಗವೋ (ರಾಣಿಖೇತ್ ಅನ್ನುವ ಕೋಳಿ ಕಾಯಿಲೆ) ಹಕ್ಕಿಜ್ವರವೋ ಇದ್ದೀತು. ಬರಿಗೈಲಿ ಮುಟ್ಟಬೇಡಿ, ಕೊಯ್ಯಬೇಡಿ, ಉಳಿದದ್ದನ್ನು ಮಾರಬೇಡಿ. ತಕ್ಷಣ ಪಶುವೈದ್ಯರಿಗೆ ತಿಳಿಸಿ. ಕೊಕ್ಕರೆ ರೋಗ ಬಂದ ಮೇಲೆ ಔಷಧಿ ಇಲ್ಲ, ಮೊದಲೇ ಲಸಿಕೆ ಹಾಕಿಸಬೇಕು.

ಮತ್ತೆ ಫೋನ್ ಮಾಡುವಾಗ ಯಾವ ಔಷಧಿ ಅಂತ ಶುರು ಮಾಡಬೇಡಿ. ಹಿಕ್ಕೆ ಹೇಗಿದೆ, ಕಡೆಯ ಮೊಟ್ಟೆ ಇಟ್ಟದ್ದು ಯಾವತ್ತು, ಸಂಜೆ ಗೂಡಿಗೆ ಹೋಗುತ್ತಾ, ಅದನ್ನು ಹೇಳಿ. ನಾನು ಕೇಳದಿದ್ದರೂ ಹೇಳಿ. ನಮಸ್ಕಾರ.